ಹಳೆಯ ಯೆಜ್ಡಿ ಮಾರುವ ಮುನ್ನ ಬಣ್ಣದಂಗಡಿಗೆ ಹೋಗಬೇಡಿ

ಮನೆಯ ಹಿಂದಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಜಾವಾ ಅಥವಾ ಯೆಜ್ಡಿಯನ್ನು ಮಾರಲು ಹೊರಟವರು ಮೊದಲು ಬಣ್ಣ ಹೊಡೆಸುತ್ತಾರೆ, ಆಮೇಲೆ ಆರ್‌ಸಿ ಪುಸ್ತಕ ಹುಡುಕುತ್ತಾರೆ. ಕೈಗೆ ಬರಬೇಕಾದ ಹಣದಲ್ಲಿ ದೊಡ್ಡ ಪಾಲು ಕಳೆದುಹೋಗುವುದೇ ಈ ಅನುಕ್ರಮದಿಂದ. ಹಳೆಯ ಬೈಕಿನ ಬೆಲೆಯನ್ನು ನಿರ್ಧರಿಸುವುದು ಮೊದಲು ಕಾಗದ, ನಂತರ ಅದರ ಮೂಲಸ್ವರೂಪ, ಆಮೇಲೆ ಎಂಜಿನ್. ಹೊಳಪಿನ ಸ್ಥಾನ ಕೊನೆಯದು.

ಮೊದಲು ನಿಮ್ಮಲ್ಲಿರುವುದು ಯಾವ ಮಾದರಿ ಎಂಬುದನ್ನು ಖಚಿತಪಡಿಸಿಕೊಳ್ಳಿ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ತಯಾರಿಕೆ ಆರಂಭಿಸಿ 1996ರಲ್ಲಿ ಮುಚ್ಚಿತು. ಆರಂಭದ ವರ್ಷಗಳ 250 ಸಿಸಿ ಜಾವಾಗಳಿಗೆ ಬೇಡಿಕೆ ಹೆಚ್ಚು. 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಬಂದಿತು, ಅದರಲ್ಲಿ ರೋಡ್‌ಕಿಂಗ್ ಅನ್ನು ಕೇಳಿಕೊಂಡು ಬರುವವರು ಇಂದಿಗೂ ಇದ್ದಾರೆ. ಎರಡು ಸಿಲಿಂಡರಿನ 350 ಅಪರೂಪದ್ದು ನಿಜ, ಆದರೆ ಅದರ ಬಿಡಿಭಾಗಗಳು ಸಿಗುವುದು ಕಷ್ಟವಾದ್ದರಿಂದ ಕೊಳ್ಳುವವರೂ ಕಡಿಮೆ. 2018ರಲ್ಲಿ ಮರಳಿ ಬಂದ ಜಾವಾದ ಬಿಡಿಭಾಗಗಳು ಹಳೆಯದಕ್ಕೂ ಹೊಂದುತ್ತವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಳೆಯದು ಟು-ಸ್ಟ್ರೋಕ್, ಹೊಸದು ಫೋರ್-ಸ್ಟ್ರೋಕ್, ಇವೆರಡಕ್ಕೂ ಸಾಮಾನ್ಯವಾಗಿರುವುದು ಹೆಸರು ಮಾತ್ರ.

ಎರಡನೆಯ ಹಂತ ಚಾಸಿ, ಅಂದರೆ ಬೈಕಿನ ಚೌಕಟ್ಟು, ಮತ್ತು ಎಂಜಿನ್ ನಂಬರುಗಳ ಪರಿಶೀಲನೆ. ಹೆಚ್ಚಿನವರು ಎಡವುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಚಾಸಿ ನಂಬರು ಹ್ಯಾಂಡಲ್ ಕೂರುವ ಕುತ್ತಿಗೆಯ ಭಾಗದಲ್ಲಿ, ಎಂಜಿನ್ ನಂಬರು ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕೆಳಭಾಗದ ಲೋಹದ ಕವಚದ) ಮೇಲೆ ಇರುತ್ತದೆ. ಎರಡರ ಮೇಲೂ ಎಣ್ಣೆ, ಧೂಳು ಮತ್ತು ಹಿಂದಿನ ಮಾಲೀಕರು ಬಳಿಸಿದ ಬಣ್ಣದ ಪದರಗಳು ಗಟ್ಟಿಯಾಗಿ ಕೂತಿರುತ್ತವೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೊಳೆಯನ್ನು ತೆಗೆಯಿರಿ, ಬಣ್ಣವಿದ್ದರೆ ಪೇಂಟ್ ರಿಮೂವರ್ ಹಚ್ಚಿ ಕಾದು ಒರೆಸಿರಿ. ಉಪ್ಪುಕಾಗದ, ತಂತಿ ಬ್ರಷ್, ಗ್ರೈಂಡರ್ ಇವನ್ನು ಆ ಜಾಗದ ಹತ್ತಿರವೂ ತರಬಾರದು, ಏಕೆಂದರೆ ನೀವು ಸದುದ್ದೇಶದಿಂದ ಉಜ್ಜಿದ ಗುರುತು, ಕಳ್ಳನು ನಂಬರು ಅಳಿಸಲು ಉಜ್ಜಿದ ಗುರುತಿನಂತೆಯೇ ಕಾಣುತ್ತದೆ. ಒಣಗಿದ ಮೇಲೆ ಪೆನ್ಸಿಲ್ಲಿನ ಸೀಸವನ್ನು ನಂಬರಿನ ಮೇಲೆ ಉಜ್ಜಿ, ಪಾರದರ್ಶಕ ಟೇಪನ್ನು ಒತ್ತಿ ಅಂಟಿಸಿ, ಕಿತ್ತು ಬಿಳಿ ಹಾಳೆಗೆ ಅಂಟಿಸಿದರೆ ಅಚ್ಚು ಸ್ಪಷ್ಟವಾಗಿ ಮೂಡುತ್ತದೆ. ಆರ್‌ಟಿಒ ಕಚೇರಿಯ ಬಳಿ ಚಾಸಿ ಪ್ರಿಂಟ್ ತೆಗೆಯುವುದೂ ಹೀಗೆಯೇ.

ಈ ಅಚ್ಚನ್ನು ಆರ್‌ಸಿಯೊಡನೆ ಒಂದೊಂದೇ ಅಂಕಿಯಾಗಿ ಹೋಲಿಸಿ. ಹಳೆಯ ಆರ್‌ಸಿ ಪುಸ್ತಕಗಳು ಕೈಬರಹದವಾದ್ದರಿಂದ 3 ಇದ್ದಲ್ಲಿ 8, 1 ಇದ್ದಲ್ಲಿ 7 ಆಗಿರುವುದುಂಟು. ಬರೆದವರ ತಪ್ಪಾಗಿದ್ದರೆ ಗಿರಾಕಿಯನ್ನು ಹುಡುಕುವ ಮೊದಲೇ ತಿದ್ದುಪಡಿಗೆ ಅರ್ಜಿ ಹಾಕಿರಿ. ಅಂಕಿಗಳು ಸಾಲು ತಪ್ಪಿದ್ದರೆ, ಒಂದು ಆಳವಾಗಿ ಇನ್ನೊಂದು ತೆಳುವಾಗಿ ಕಂಡರೆ ಅಥವಾ ಸುತ್ತಲಿನ ಲೋಹದಲ್ಲಿ ಅರದ ಗೆರೆಗಳಿದ್ದರೆ ತಿಳಿವಳಿಕೆಯುಳ್ಳ ಗಿರಾಕಿ ನಂಬರನ್ನು ಮತ್ತೆ ಹೊಡೆದಿರಬಹುದೆಂದು ಅನುಮಾನಿಸುತ್ತಾನೆ. ಹಿಂದೆ ಕ್ರ್ಯಾಂಕ್‌ಕೇಸ್ ಒಡೆದಾಗ ಗುಜರಿಯಿಂದ ಬೇರೊಂದನ್ನು ತಂದು ಕೂರಿಸುವುದು ಸಾಮಾನ್ಯವಾಗಿತ್ತು. ಆ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿದ್ದರೆ ಬೆಲೆ ತಗ್ಗುತ್ತದೆ, ದಾಖಲಾಗದೆ ಇದ್ದರೆ ವ್ಯಾಪಾರವೇ ಮುರಿದುಬೀಳುತ್ತದೆ.

ಪುಡಿ ಬಣ್ಣವನ್ನು ಸಿಂಪಡಿಸಿ ಕಾಯಿಸಿ ಕೂರಿಸುವ ಪೌಡರ್ ಕೋಟಿಂಗ್ ಬಗ್ಗೆಯೂ ಇಲ್ಲಿಯೇ ಹೇಳಬೇಕು. ನನ್ನ ಪರಿಚಯದವರೊಬ್ಬರು ಚೌಕಟ್ಟನ್ನು ಮರಳಿನಿಂದ ಬ್ಲಾಸ್ಟ್ ಮಾಡಿಸಿ ಪೌಡರ್ ಕೋಟಿಂಗ್ ಹಾಕಿಸಿದರು. ಬ್ಲಾಸ್ಟಿಂಗ್‌ನಲ್ಲಿ ಅರ್ಧ ಸವೆದ ನಂಬರು ದಪ್ಪನೆಯ ಲೇಪದ ಕೆಳಗೆ ಮಾಯವಾಯಿತು, ಮೂರು ಗಿರಾಕಿಗಳು ಬಂದು ನೋಡಿ ಹಿಂತಿರುಗಿದರು. ಹಾಕಿಸಲೇಬೇಕೆಂದಿದ್ದರೆ ನಂಬರಿನ ಜಾಗಕ್ಕೆ ದಪ್ಪ ಟೇಪು ಸುತ್ತಿಸಿ, ಎದುರಿಗೆ ನಿಂತು ಕೆಲಸ ಮಾಡಿಸಿಕೊಳ್ಳಿ.

ಇನ್ನುಳಿದ ಕಾಗದಗಳು. ಹದಿನೈದು ವರ್ಷಗಳ ನಂತರ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದು ಬಾಕಿಯಿದ್ದರೆ ಮುಗಿಸಿಕೊಳ್ಳಿ. ಬೈಕು ತೀರಿಹೋದ ತಂದೆಯ ಹೆಸರಿನಲ್ಲಿದ್ದರೆ ಮೊದಲು ಫಾರ್ಮ್ 31ರ ಮೂಲಕ ವಾರಸುದಾರರ ಹೆಸರಿಗೆ ಬರಬೇಕು. ಎಂದೋ ತೀರಿಸಿದ ಸಾಲದ ನಮೂದು ಆರ್‌ಸಿಯಲ್ಲಿ ಹಾಗೆಯೇ ಉಳಿದಿದ್ದರೆ ಸಾಲ ಕೊಟ್ಟವರ ಸಹಿಯುಳ್ಳ ಫಾರ್ಮ್ 35 ಬೇಕಾಗುತ್ತದೆ. ಹಳೆಯ ದಾಖಲೆ ಗಣಕೀಕೃತ ವಾಹನ್ ವ್ಯವಸ್ಥೆಯಲ್ಲಿ ಇಲ್ಲದಿದ್ದರೆ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಅದನ್ನು ಅಲ್ಲಿಗೆ ಸೇರಿಸುವ ಕೆಲಸ, ಮಾಡಿಸಬೇಕು. ಮೈಸೂರು ರಾಜ್ಯದ ಕಾಲದ, ‘ಎಂವೈ’ ಅಕ್ಷರಗಳಿಂದ ಶುರುವಾಗುವ ನಂಬರು ಊರ್ಜಿತವಾಗಿ ಉಳಿದಿದ್ದರೆ ಅದಕ್ಕಾಗಿಯೇ ಹೆಚ್ಚು ಕೊಡುವವರಿದ್ದಾರೆ. ಐವತ್ತು ವರ್ಷ ದಾಟಿದ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ತಂದ ವಿಂಟೇಜ್ ನೋಂದಣಿಯೂ ಇದೆ. ಆದರೆ ಚಾಸಿ, ಎಂಜಿನ್ ಗಣನೀಯವಾಗಿ ಮಾರ್ಪಟ್ಟಿರಬಾರದು ಎಂಬುದು ಅದರ ಷರತ್ತು, ಮತ್ತು ಆ ನೋಂದಣಿಯ ವಾಹನವನ್ನು ದಿನನಿತ್ಯ ಓಡಿಸುವಂತಿಲ್ಲ. ಆದ್ದರಿಂದ ಸವಾರಿಗೆಂದು ಕೊಳ್ಳುವವರು ಅದನ್ನು ಬಯಸುವುದಿಲ್ಲ.

ಮೂರನೆಯದು ಎಂಜಿನ್. ತಿಳಿದ ಗಿರಾಕಿ ತಣ್ಣಗಿನ ಎಂಜಿನ್ನನ್ನೇ ಕಿಕ್ ಮಾಡುತ್ತಾನೆ, ಆದ್ದರಿಂದ ಅವನು ಬರುವ ಮೊದಲು ಬಿಸಿ ಮಾಡಿಡಬೇಡಿ. ಆಕ್ಸಿಲರೇಟರ್ ಬಿಟ್ಟರೂ ವೇಗ ಇಳಿಯದಿದ್ದರೆ ಡೈನಮೋ ಬದಿಯ ಆಯಿಲ್ ಸೀಲ್ ಗಾಳಿ ಎಳೆಯುತ್ತಿರಬಹುದು. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕ್ಲಚ್ ಬದಿಯ ಸೀಲಿನಿಂದ ಗೇರ್ ಆಯಿಲ್ ಒಳಸೇರುತ್ತಿರಬಹುದು. ಈ ಸೀಲುಗಳನ್ನು ಬದಲಿಸಿಯೇ ಮಾರುವುದು ಲಾಭ. ಸವೆದ ಸಿಲಿಂಡರನ್ನು ಎಷ್ಟು ಬಾರಿ ಬೋರ್ ಮಾಡಿಸಲಾಗಿದೆ (ಒಳಗೆ ಕೊರೆದು ಅಗಲಿಸಲಾಗಿದೆ), ಈಗಿರುವ ಪಿಸ್ಟನ್ ಯಾವ ಓವರ್‌ಸೈಜ್ (ಮೂಲಕ್ಕಿಂತ ಎಷ್ಟು ದೊಡ್ಡದು) ಎಂಬುದಕ್ಕೆ ಬಿಲ್ಲುಗಳಿದ್ದರೆ ತೋರಿಸಿ.

ನಾಲ್ಕನೆಯದು ಮೂಲ ಭಾಗಗಳು. ಬಿಸಿಲಿಗೆ ಮಾಸಿದ ಕಾರ್ಖಾನೆಯ ಬಣ್ಣವನ್ನು ಮುಟ್ಟಲೇಬೇಡಿ. ಸಂಗ್ರಾಹಕನಿಗೆ ಅದು ಸಾಕ್ಷಿ, ಹೊಸ ಮೆಟಾಲಿಕ್ ಬಣ್ಣ ಬರೀ ಅನುಮಾನ. ಟ್ಯಾಂಕಿನ ತಗ್ಗಿಗೆ ಪುಟ್ಟಿ ತುಂಬಿಸುವುದೂ ವ್ಯರ್ಥ, ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಸವರಿದರೆ ಅಲ್ಲಿ ಅದು ಕಚ್ಚುವುದಿಲ್ಲ. ತುಕ್ಕು ಮುಚ್ಚಲೆಂದು ಟ್ಯಾಂಕಿನೊಳಗೆ ಸುರಿಯುವ ಅಗ್ಗದ ಲೇಪಗಳು ಕೆಲವು ತಿಂಗಳಲ್ಲೇ ಸುಲಿದು ಕಾರ್ಬ್ಯುರೇಟರಿಗೆ ಸೇರುವುದನ್ನು ಕಂಡಿದ್ದೇನೆ. ಮಾರುಕಟ್ಟೆಯ ನಕಲಿ ಸೈಲೆನ್ಸರ್‌ಗಳ ತೆಳು ಕ್ರೋಮ್ ಒಂದು ಮಳೆಗಾಲವನ್ನೂ ತಾಳುವುದಿಲ್ಲ. ತುಕ್ಕು ಹಿಡಿದಿದ್ದರೂ ಹಳೆಯ ಜೋಡಿಯನ್ನು, ಕಳಚಿಟ್ಟ ಸ್ಪೀಡೋಮೀಟರ್ ಮತ್ತು ಬೀಗದ ಕೈಯೊಡನೆ ಗೋಣಿಚೀಲದಲ್ಲಿ ಹಾಕಿ ಬೈಕಿನ ಜೊತೆಗೇ ಕೊಡಿ.

ಇಷ್ಟಾದ ಮೇಲೆ ಬೈಕನ್ನು ತೊಳೆದು, ಹಗಲು ಬೆಳಕಿನಲ್ಲಿ ದೋಷಗಳೂ ಕಾಣುವಂತೆ ಚಿತ್ರ ತೆಗೆದು, ನಂಬರಿನ ಅಚ್ಚಿನೊಡನೆ ಗಿರಾಕಿಗೆ ತೋರಿಸಿ. ಖಾಲಿ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟು ಕೈತೊಳೆದುಕೊಳ್ಳದೆ, ವರ್ಗಾವಣೆಯ ಅರ್ಜಿಯನ್ನು ನೀವೇ ಜೊತೆಗೆ ಹೋಗಿ ಸಲ್ಲಿಸಿ, ಸ್ವೀಕೃತಿ ಪಡೆದ ನಂತರವೇ ಬೈಕನ್ನು ಒಪ್ಪಿಸಿ.