ಮಲೇರಿಯಾ ರಿಪೋರ್ಟ್ ಬಂದಾಗ ಪ್ಲೇಟ್‌ಲೆಟ್ ಒಂದನ್ನೇ ನೋಡಬೇಡಿ

ಮಂಗಳೂರಿನಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಲ್ಯಾಬಿನ ಕೌಂಟರಿನಲ್ಲಿ ಒಂದೇ ಪ್ರಶ್ನೆ: "ಪ್ಲೇಟ್‌ಲೆಟ್ ಎಷ್ಟುಂಟು?" ಡೆಂಗಿ ಕಲಿಸಿದ ಅಭ್ಯಾಸ ಅದು. ಸ್ಲೈಡಿನಲ್ಲಿ ಮಲೇರಿಯಾ ಸಿಕ್ಕಿದವರ ಮನೆಯವರೂ ಅದನ್ನೇ ಕೇಳುತ್ತಾರೆ. 90,000 ಎಂದರೆ ಗಾಬರಿಯಾಗುತ್ತಾರೆ. ಅದೇ ಹಾಳೆಯಲ್ಲಿ ಎರಡು ಸಾಲು ಕೆಳಗೆ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಏರಿ ಕೂತಿರುತ್ತದೆ, ಅದರ ಕಡೆ ಯಾರೂ ನೋಡುವುದಿಲ್ಲ.

ನಾನು ಲ್ಯಾಬ್ ಟೆಕ್ನಿಶಿಯನ್. ಇದನ್ನು ಬರೆಯುತ್ತಿರುವುದು ರೋಗಿಯ ಮನೆಯವರಿಗಾಗಿ, ಹಾಗೆಯೇ ಈಗಷ್ಟೇ ಲ್ಯಾಬ್ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗಾಗಿ. ಚಿಕಿತ್ಸೆ ಡಾಕ್ಟರ ಕೆಲಸ. ಆದರೆ ಯಾವ ಅಂಕಿ ಕಂಡರೆ ಬೆಳಗಾಗುವವರೆಗೆ ಕಾಯಬಾರದು ಅನ್ನುವುದು ನಮಗೂ ಗೊತ್ತಿರಬೇಕು, ಅಲ್ವಾ?

ಮೊದಲು ರೋಗಿಯನ್ನು ನೋಡಿ. ಮಂಪರು, ಫಿಟ್ಸ್, ಎದ್ದು ಕೂರಲೂ ಆಗದಷ್ಟು ಸುಸ್ತು, ಏದುಸಿರು, ಮೂತ್ರ ಕಡಿಮೆಯಾಗುವುದು. ಇವುಗಳಲ್ಲಿ ಒಂದಿದ್ದರೂ ರಿಪೋರ್ಟಿಗೆ ಕಾಯದೆ ಆಸ್ಪತ್ರೆಗೆ ಹೊರಡಿ.

ರಿಪೋರ್ಟಿನಲ್ಲಿ ಮೊದಲು ನೋಡಬೇಕಾದ್ದು ಮಲೇರಿಯಾ ರೋಗಾಣು ಯಾವ ಜಾತಿಯದು ಎಂದು. ನಮ್ಮ ಕಡೆ ಜಾಸ್ತಿ ಸಿಗುವುದು ವೈವಾಕ್ಸ್. ಫಾಲ್ಸಿಪ್ಯಾರಮ್ ಕಂಡರೆ ಎಲ್ಲರೂ ಎಚ್ಚರವಾಗುತ್ತಾರೆ, ಸರಿಯೇ. ವೈವಾಕ್ಸ್ ಎಂದರೆ "ಅದು ಸಾದಾ ಮಲೇರಿಯಾ" ಎಂದು ಬಿಟ್ಟುಬಿಡುವವರಿದ್ದಾರೆ. ಹಾಗೆ ಬಿಡಬೇಡಿ. ವೈವಾಕ್ಸ್‌ನಲ್ಲೂ ಕಿಡ್ನಿ, ಶ್ವಾಸಕೋಶ ಕೈಕೊಡುತ್ತವೆ. ಅದು ಹೆಚ್ಚಾಗಿ ಎಳೆಯ ಕೆಂಪು ಕಣಗಳೊಳಗೇ ಹೋಗುವುದರಿಂದ ಅದರ ಕೌಂಟ್, ಅಂದರೆ ರೋಗಾಣು ಹೊಕ್ಕ ಕೆಂಪು ಕಣಗಳ ಪ್ರಮಾಣ, ಸಾಮಾನ್ಯವಾಗಿ ಶೇ. 2 ದಾಟುವುದಿಲ್ಲ. ಹಾಗಾಗಿ ಕೌಂಟ್ ಕಡಿಮೆ ಇದೆ ಎಂದು ಅಲ್ಲಿ ಸಮಾಧಾನಪಟ್ಟುಕೊಳ್ಳುವಂತಿಲ್ಲ.

ಈಗ ಎಣಿಕೆಗೆ ಬರೋಣ. ಒಂದು ಪ್ಲಸ್, ಎರಡು ಪ್ಲಸ್ ಎಂದು ಬರೆದು ಕಳಿಸಿದರೆ ವಾರ್ಡಿನವರಿಗೆ ಹೆಚ್ಚೇನೂ ಗೊತ್ತಾಗುವುದಿಲ್ಲ. ದಪ್ಪ ಸ್ಮಿಯರಿನಲ್ಲಿ (ಸ್ಲೈಡಿನ ಮೇಲೆ ದಪ್ಪಗೆ ಹಚ್ಚಿದ ರಕ್ತದಲ್ಲಿ) 200 ಬಿಳಿ ಕಣ ಎಣಿಸಿ, ಅಷ್ಟರಲ್ಲಿ ಸಿಕ್ಕ ರೋಗಾಣುಗಳನ್ನೂ ಎಣಿಸಿ. ನೂರಕ್ಕಿಂತ ಕಡಿಮೆ ಸಿಕ್ಕರೆ 500 ಬಿಳಿ ಕಣದವರೆಗೆ ಮುಂದುವರಿಸಿ. ರೋಗಾಣುಗಳ ಸಂಖ್ಯೆಯನ್ನು ಆ ರೋಗಿಯ ಒಟ್ಟು ಬಿಳಿ ಕಣಗಳ ಕೌಂಟಿನಿಂದ ಗುಣಿಸಿ, ನೀವು ಎಣಿಸಿದ ಬಿಳಿ ಕಣಗಳಿಂದ ಭಾಗಿಸಿ. ಬಿಳಿ ಕಣ 8,000 ಎಂದು ಹಿಡಿದು ಸುಮ್ನೆ 40ರಿಂದ (8,000 ಭಾಗಿಸು 200) ಗುಣಿಸುವ ಅಭ್ಯಾಸವೂ ಇದೆ. ರಕ್ತಕಣಗಳ ಪೂರ್ತಿ ಎಣಿಕೆ, ಅಂದರೆ ಸಿಬಿಸಿ, ಕೈಯಲ್ಲೇ ಇರುವಾಗ ಅದು ಯಾಕೆ? ಮಲೇರಿಯಾ ಜ್ವರದಲ್ಲಿ ಬಿಳಿ ಕಣ 4,000ಕ್ಕೆ ಇಳಿದಿರುವುದು ಅಪರೂಪವಲ್ಲ. 200 ಬಿಳಿ ಕಣಕ್ಕೆ 150 ರೋಗಾಣು ಸಿಕ್ಕಿದ್ದರೆ ನಿಜವಾದ ಲೆಕ್ಕ ಮೈಕ್ರೋಲೀಟರಿಗೆ 3,000. 40ರಿಂದ ಗುಣಿಸಿದರೆ 6,000. ನೇರ ಎರಡು ಪಟ್ಟು! ರೋಗಾಣು ಕಿಕ್ಕಿರಿದಿದ್ದರೆ ತೆಳು ಸ್ಮಿಯರಿಗೆ ಹೋಗಿ ಕೆಂಪು ಕಣಗಳಲ್ಲಿ ಶೇಕಡಾ ಎಷ್ಟು ಎಂದು ಬರೆಯಿರಿ. ಫಾಲ್ಸಿಪ್ಯಾರಮ್‌ನಲ್ಲಿ ಶೇ. 10 ದಾಟಿದರೆ, ಬೇರೆ ಲಕ್ಷಣ ಇಲ್ಲದಿದ್ದರೂ, ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದು ತೀವ್ರ ಮಲೇರಿಯಾ, ಅಂದರೆ ಜೀವಕ್ಕೇ ಅಪಾಯವಿರುವ ಹಂತ.

ಆದರೆ ಫಾಲ್ಸಿಪ್ಯಾರಮ್‌ನ ಕೌಂಟ್ ಪೂರ್ತಿ ಕಥೆ ಹೇಳುವುದಿಲ್ಲ. ಬಲಿತ ರೋಗಾಣು ಹೊತ್ತ ಕೆಂಪು ಕಣಗಳು ಮಿದುಳು, ಕರುಳು, ಕಿಡ್ನಿಯ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಅಲ್ಲೇ ಉಳಿಯುತ್ತವೆ. ಕೈಯಿಂದ ತೆಗೆದ ರಕ್ತದಲ್ಲಿ ನಮಗೆ ಕಾಣುವುದು ಹೆಚ್ಚಾಗಿ ಎಳೆಯ ಉಂಗುರಗಳು ಮಾತ್ರ. ಅದಕ್ಕೇ ಎಣಿಸಿ ಮುಗಿದ ಮೇಲೂ ಸ್ಲೈಡ್ ತೆಗೆದಿಡಬೇಡಿ. ಉಂಗುರಗಳ ಒಳಗೆ ಕಂದು ಬಣ್ಣದ ಚುಕ್ಕಿ ಮೂಡಿದೆಯೇ ನೋಡಿ. ರೋಗಾಣು ಹಿಮೊಗ್ಲೋಬಿನ್ ತಿಂದು ಬಿಟ್ಟ ಕಸ ಅದು. ಶೇ. 20ಕ್ಕಿಂತ ಜಾಸ್ತಿ ರೋಗಾಣುಗಳಲ್ಲಿ ಆ ಬಣ್ಣ ಕಂಡರೆ, ಅಥವಾ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳಲ್ಲಿ ಶೇ. 5ಕ್ಕಿಂತ ಜಾಸ್ತಿ ಆ ಕಸ ನುಂಗಿ ಕೂತಿದ್ದರೆ, ಅದು ಕೆಟ್ಟ ಸೂಚನೆ. ಮಷಿನ್ ಇದನ್ನು ಹೇಳುವುದಿಲ್ಲ. ಹತ್ತು ನಿಮಿಷ ಕೂತು ನೋಡಬೇಕು, ರಿಮಾರ್ಕಿನಲ್ಲಿ ಒಂದು ಸಾಲು ಬರೆಯಬೇಕು. ಈ ಒಂದು ಸಾಲಿನ ಬೆಲೆ ದೊಡ್ಡದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಒಂದು ಹನಿ ರಕ್ತ ಹಾಕಿ ಗೆರೆ ನೋಡುವ ಕಾರ್ಡ್ ಟೆಸ್ಟಿನಲ್ಲಿ ಗೆರೆ ದಪ್ಪಗಿದ್ದರೆ ರೋಗ ಜೋರು ಎಂದು ತಿಳಿಯಬೇಡಿ. ಅದು ಇದೆಯೋ ಇಲ್ಲವೋ ಅಷ್ಟೇ ಹೇಳುತ್ತದೆ. ಫಾಲ್ಸಿಪ್ಯಾರಮ್ ಗೆರೆ ವಾಸಿಯಾದ ಮೇಲೂ ವಾರಗಟ್ಟಲೆ ಉಳಿಯಬಹುದು. ಆ ಗೆರೆ ಮೂಡಿಸುವ ಎಚ್‌ಆರ್‌ಪಿ-2 ಪ್ರೋಟೀನನ್ನು ರಕ್ತದ ದ್ರವ ಭಾಗವಾದ ಪ್ಲಾಸ್ಮಾದಲ್ಲಿ ಅಳೆದರೆ ಮಾತ್ರ ಮೈಯೊಳಗೆ ಅಡಗಿರುವ ರೋಗಾಣುಗಳ ಅಂದಾಜು ಸಿಗುತ್ತದೆ. ಅದು ಸದ್ಯಕ್ಕೆ ಸಂಶೋಧನೆಯವರ ಕೈಯಲ್ಲಿದೆ. ರಕ್ತದಲ್ಲಿ ಅಳೆಯುವ ಆಂಜಿಯೊಪೊಯಿಟಿನ್-2, ಎಸ್‌ಟ್ರೆಮ್-1 ಎಂಬ ಪ್ರೋಟೀನುಗಳು ಕೂಡ ಹಾಗೆಯೇ. ಉಗಾಂಡದ ಮಕ್ಕಳ ಅಧ್ಯಯನಗಳಲ್ಲಿ ಇವು ಏರಿದ್ದವರಿಗೆ ಸಾವಿನ ಅಪಾಯ ಜಾಸ್ತಿ ಎಂದು ಕಂಡಿದೆ. ನಮ್ಮಂಥ ಸಣ್ಣ ಲ್ಯಾಬಿಗೆ ಇವು ಬೇಗ ಬರಲಿ ಎಂಬುದು ನನ್ನ ಆಸೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವವು ಸಕ್ಕರೆ, ಲ್ಯಾಕ್ಟೇಟ್ (ಅಂಗಾಂಶಗಳಿಗೆ ಆಮ್ಲಜನಕ ಸಾಲದಾಗ ಏರುವುದು), ಕ್ರಿಯಾಟಿನಿನ್, ಬಿಲಿರುಬಿನ್ (ಕಾಮಾಲೆಯಲ್ಲಿ ಏರುವುದು), ಹಿಮೊಗ್ಲೋಬಿನ್.

ಸಕ್ಕರೆ 40 ಮಿಲಿಗ್ರಾಮಿಗಿಂತ ಕೆಳಗಿದ್ದರೆ ತೀವ್ರ ಮಲೇರಿಯಾ. ಮಕ್ಕಳು, ಗರ್ಭಿಣಿಯರು, ಕ್ವಿನೈನ್ ಎಂಬ ಮಲೇರಿಯಾ ಔಷಧಿ ತೆಗೆದುಕೊಳ್ಳುತ್ತಿರುವವರಲ್ಲಿ ಇದನ್ನು ಮರೆಯಲೇಬಾರದು. ನಾನಂತೂ 70ಕ್ಕಿಂತ ಕೆಳಗೆ ಕಂಡರೇ ವಾರ್ಡಿಗೆ ಫೋನ್ ಮಾಡುತ್ತೇನೆ. ರಕ್ತವನ್ನು ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೇ ಹಾಕಿ. ಸಾದಾ ಟ್ಯೂಬಿನಲ್ಲಿಟ್ಟರೆ ಕೆಂಪು ಕಣಗಳೂ ಅವುಗಳೊಳಗಿನ ರೋಗಾಣುಗಳೂ ಸಕ್ಕರೆ ತಿನ್ನುತ್ತಲೇ ಇರುತ್ತವೆ. ಆಗ ಬರುವ ಅಂಕಿ ಸುಳ್ಳು.

ಲ್ಯಾಕ್ಟೇಟ್‌ಗೂ ಅದೇ ಬೂದು ಟ್ಯೂಬ್. ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಡಬೇಡಿ, ಮುಷ್ಟಿ ಮುಚ್ಚಿ ತೆರೆಯಲು ಹೇಳಬೇಡಿ. ಎರಡರಿಂದಲೂ ಲ್ಯಾಕ್ಟೇಟ್ ಸುಳ್ಳೇ ಏರುತ್ತದೆ. ಟ್ಯೂಬನ್ನು ಐಸಿನಲ್ಲಿಟ್ಟು ಕೂಡಲೇ ಪರೀಕ್ಷೆಗೆ ಹಾಕಿ. 5 ಮಿಲಿಮೋಲ್ ಅಥವಾ ಅದಕ್ಕಿಂತ ಮೇಲಿದ್ದರೆ, ಇಲ್ಲವೇ ರಕ್ತದ ಆಮ್ಲವನ್ನು ತಗ್ಗಿಸುವ ಬೈಕಾರ್ಬೊನೇಟ್ 15ಕ್ಕಿಂತ ಕೆಳಗಿದ್ದರೆ ರಕ್ತದಲ್ಲಿ ಆಮ್ಲ ಏರಿದೆ ಎಂದರ್ಥ. ಒಂದೇ ಪರೀಕ್ಷೆ ಆರಿಸು ಎಂದರೆ ನಾನು ಲ್ಯಾಕ್ಟೇಟನ್ನೇ ಆರಿಸುತ್ತೇನೆ.

ಕ್ರಿಯಾಟಿನಿನ್ 3 ದಾಟಿದರೆ ತೀವ್ರ ಎನ್ನುತ್ತಾರೆ. ಅದಕ್ಕಾಗಿ ಕಾಯುವುದು ಬೇಡ. ನಿನ್ನೆ 0.9 ಇದ್ದದ್ದು ಇಂದು 1.6 ಆಗಿದ್ದರೆ ಇಂದೇ ಡಾಕ್ಟರಿಗೆ ತಿಳಿಸಿ. ಬಿಲಿರುಬಿನ್ 3 ದಾಟಿ, ಫಾಲ್ಸಿಪ್ಯಾರಮ್ ಕೌಂಟ್ ಲಕ್ಷಕ್ಕಿಂತ ಮೇಲಿದ್ದರೆ ಅದೂ ತೀವ್ರ. ಹಿಮೊಗ್ಲೋಬಿನ್‌ಗೆ ದೊಡ್ಡವರಲ್ಲಿ 7ಕ್ಕಿಂತ ಕೆಳಗೆ, 12 ವರ್ಷದೊಳಗಿನ ಮಕ್ಕಳಲ್ಲಿ 5 ಅಥವಾ ಕೆಳಗೆ ಎಂಬುದು ಗಡಿ.

ಇನ್ನು ಪ್ಲೇಟ್‌ಲೆಟ್. ಮಲೇರಿಯಾ ಬಂದ ಹೆಚ್ಚಿನವರಲ್ಲಿ ಅದು ಇಳಿಯುತ್ತದೆ, ಔಷಧಿ ಶುರುವಾದ ಮೇಲೆ ತಾನಾಗಿ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ತೀವ್ರ ಮಲೇರಿಯಾ ಲಕ್ಷಣಗಳ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ, ರಕ್ತಸ್ರಾವಕ್ಕೆ ಇದೆ. ಮಷಿನ್ ತೀರಾ ಕಡಿಮೆ ತೋರಿಸಿದರೆ ಸ್ಲೈಡಿನಲ್ಲಿ ಗುಂಪುಗಟ್ಟಿವೆಯೇ ಎಂದು ನೋಡಿ ಆಮೇಲೆ ರಿಪೋರ್ಟ್ ಕೊಡಿ.

ಮತ್ತೆ ಮತ್ತೆ ನೋಡುವುದೂ ಮುಖ್ಯ. ತೀವ್ರ ಮಲೇರಿಯಾಕ್ಕೆ ಕೊಡುವ ಆರ್ಟಿಸುನೇಟ್ ಇಂಜೆಕ್ಷನ್ ಕೊಟ್ಟ ಮೊದಲ ದಿನ ರೋಗಾಣುಗಳ ಕೌಂಟ್ ಒಮ್ಮೊಮ್ಮೆ ಏರುತ್ತದೆ, ಅಷ್ಟಕ್ಕೇ ಹೆದರಬೇಡಿ. ಮುಂದಿನ ದಿನಗಳಲ್ಲಿ ಇಳಿಯುತ್ತಿದೆಯೇ ನೋಡಿ. ಮನೆಗೆ ಹೋದ ಮೇಲೂ ಕೆಲವರಲ್ಲಿ ಒಂದೆರಡು ವಾರದ ನಂತರ ಕೆಂಪು ಕಣಗಳು ಒಡೆಯತೊಡಗುತ್ತವೆ. ಆಗ ಒಡೆದ ಕಣಗಳಿಂದ ಹೊರಬರುವ ಎಲ್‌ಡಿಎಚ್ ಏರುತ್ತದೆ, ಹಿಮೊಗ್ಲೋಬಿನ್ ಇಳಿಯುತ್ತದೆ. ಹಾಗಾಗಿ ಆರ್ಟಿಸುನೇಟ್ ಇಂಜೆಕ್ಷನ್ ತೆಗೆದುಕೊಂಡವರು ನಾಲ್ಕು ವಾರದವರೆಗೆ ವಾರಕ್ಕೊಮ್ಮೆ ಹಿಮೊಗ್ಲೋಬಿನ್ ಮಾಡಿಸಿ. ಈ ನಡುವೆ ಮೂತ್ರ ಕಪ್ಪಾದರೆ ವಾರ ತುಂಬುವವರೆಗೆ ಕಾಯಬೇಡಿ, ಅವತ್ತೇ ಬನ್ನಿ.