ಪಾಕೀಟು ಬಿಟ್ಟ ಮನೆಯಲ್ಲಿ ಕೆಲಸ ಯಾರದು?

ಪಾಕೀಟಿನ ಸಾಮಾನು ಬಿಡಬೇಕು, ಬೇಕಾದಷ್ಟೇ ಕೊಳ್ಳಬೇಕು, ಕೊಂಡರೆ ನಮ್ಮ ಸೀಮೆಯದೇ ಕೊಳ್ಳಬೇಕು ಎಂಬ ಹುರುಪು ಮೊದಲು ಹತ್ತಿದ್ದು ನಮ್ಮ ಮನೆಯವರಿಗೆ. ನಾನು ಬೇಡ ಅನ್ನಲಿಲ್ಲ. ಒಂದು ಕರಾರು ಮಾತ್ರ ಹಾಕಿದೆ: ಅಂಗಡಿಯಿಂದ ಬರುವ ಯಾವುದನ್ನೇ ನಿಲ್ಲಿಸಿದರೂ, ಅದರಿಂದ ಮನೆಯಲ್ಲಿ ಹುಟ್ಟುವ ಕೆಲಸ ಯಾರದು ಅನ್ನುವುದು ಮೊದಲೇ ತೀರ್ಮಾನವಾಗಬೇಕು. ಗದಗಿನಿಂದ ಹುಬ್ಬಳ್ಳಿಗೆ ದಿನಾ ನೌಕರಿಗೆ ಓಡಾಡುವವಳು ನಾನು. ಅತ್ತೆಯ ಮಾತು ಇನ್ನೂ ಖಡಕ್: “ಒಳ್ಳಿನ್ಯಾಗ ರುಬ್ಬಿದ ಚಟ್ನಿ ಬೇಕಂದವ್ರು ತಾವ ಕುಂತು ರುಬ್ಬಲಿ. ನಾ ರುಬ್ಬಿದ್ದು ಸಾಕಾಗೇತಿ, ನನಗ ಮಿಕ್ಸರ್ ಇರ್ಲಿ.”

ಪಾಕೀಟಿನೊಳಗೆ ಖಾರದ ಜೊತೆಗೆ ಯಾರದೋ ದುಡಿಮೆಯ ಹೊತ್ತೂ ಅಗ್ಗದಲ್ಲಿ ಬಂದಿರುತ್ತದೆ. ಪಾಕೀಟು ಬಿಟ್ಟರೆ ಆ ಹೊತ್ತನ್ನು ಮನೆಯಲ್ಲಿ ಒಬ್ಬರು ಕೊಡಬೇಕು. ಹೆಚ್ಚಿನ ಮನೆಗಳಲ್ಲಿ ಅದನ್ನು ಹೆಂಗಸರಿಂದ ಕೇಳದೆಯೇ ತೆಗೆದುಕೊಳ್ಳುತ್ತಾರೆ. ಸರಳ ಜೀವನದ ಭಾಷಣ ಬಂದಾಗಲೆಲ್ಲ ನನಗೆ ಆಯ್ದಕ್ಕಿ ಮಾರಯ್ಯನ ಕಥೆ ನೆನಪಾಗುತ್ತದೆ. ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ಲಕ್ಕಮ್ಮ ತಿರುಗಿ ಕಳಿಸಿದಳು, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು. ಅವಳು ಆಸೆಪಡದಿದ್ದುದನ್ನು, ಅವಳ ಭಕ್ತಿಯನ್ನು ಎಲ್ಲರೂ ಹೊಗಳುತ್ತಾರೆ. ದಿನಾ ಒಲೆಯ ಮುಂದೆ ಕೂಡುವವಳಾದ್ದರಿಂದಲೇ ಎಷ್ಟು ಅಕ್ಕಿ ಸಾಕು ಅನ್ನುವುದು ಅವಳಿಗೆ ಗೊತ್ತಿತ್ತು, ಅದನ್ನು ಯಾರೂ ಹೇಳುವುದಿಲ್ಲ.

ಖಾರದಿಂದಲೇ ಶುರು ಮಾಡಿದೆವು. ಸುಗ್ಗಿ ಮುಗಿದು ಬಿಸಿಲು ಏರುವ ಹೊತ್ತಿಗೆ ವರ್ಷಕ್ಕಾಗುವಷ್ಟು ಬ್ಯಾಡಗಿ ಮೆಣಸಿನಕಾಯಿ ಒಮ್ಮೆಗೇ ತರುವುದು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಸ್ವಲ್ಪ ಗುಂಟೂರು. ಬ್ಯಾಡಗಿಯಲ್ಲೇ ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಕಡ್ಡಿ ಅಂದರೆ ಉದ್ದಕ್ಕೆ, ತೆಳ್ಳಗೆ, ಸುಕ್ಕುಸುಕ್ಕಾಗಿ ಬೀಜ ಕಡಿಮೆ ಇರುವುದು. ಡಬ್ಬಿ ಗಿಡ್ಡ, ಉಬ್ಬಿದ್ದು, ಬೀಜ ಹೆಚ್ಚು. ಕಾಯಿ ಮುರಿದಾಗ ಟಕ್ಕನೆ ಸದ್ದಾಗಬೇಕು. ಮೆತ್ತಗೆ ಬಾಗಿದರೆ ಪಸೆ ಇದೆ ಎಂದರ್ಥ, ಪುಡಿ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಬಿಸಿಲಿಗೆ ಹಾಕುವುದು, ಗಿರಣಿಯಲ್ಲಿ ಪಾಳಿ ಹಚ್ಚುವುದು ನಮ್ಮ ಮನೆಯವರ ಪಾಲಿಗೆ ಹೋಯಿತು. ಬೇಸಿಗೆಯಲ್ಲಿ ಖಾರದ ಗಿರಣಿಯ ಮುಂದೆ ಡಬ್ಬಿ ಹಿಡಿದು ನಿಂತ ಗಂಡಸರು ಒಬ್ಬಿಬ್ಬರೇ. ನಮ್ಮವರು ಸೀನುತ್ತ ನಿಂತು ಸಂಜೆ ಕೆಂಪು ಕಣ್ಣು ಮಾಡಿಕೊಂಡು ಬರುತ್ತಿದ್ದರು.

ತೊಟ್ಟು ತೆಗೆಯುವ ಕೆಲಸ ಮಾತ್ರ ಬೇಗ ಮುಗಿಯುವುದಲ್ಲ. ಕೈಗೆ ಎಣ್ಣೆ ಸವರಿಕೊಂಡರೂ ರಾತ್ರಿಯಿಡೀ ಬೆರಳು ಉರಿಯುತ್ತದೆ. ಬ್ಯಾಡಗಿ ಪೇಟೆಯಲ್ಲಿ ಈ ಕೆಲಸವನ್ನು ಹೆಂಗಸರು ಕೂಲಿಗೆ ಮಾಡುತ್ತಾರೆ. ಹಾಗಾಗಿ ‘ಮನೆಯಲ್ಲೇ ಎಲ್ಲ ಮಾಡಿಕೊಂಡೆವು’ ಅನ್ನುವ ಹಿಗ್ಗನ್ನು ನಾನು ಬೇಗ ಬಿಟ್ಟೆ. ನಮ್ಮ ಓಣಿಯಲ್ಲೇ ಈ ಕೆಲಸ ಮಾಡಿ ಗೊತ್ತಿದ್ದ ಹೆಣ್ಣುಮಗಳೊಬ್ಬಳಿಗೆ ಅವಳು ಹೇಳಿದ ಕೂಲಿ ಕೊಟ್ಟು ಮಾಡಿಸುತ್ತೇವೆ. ಕೂಲಿ, ಗಿರಣಿ ಎಲ್ಲ ಸೇರಿಸಿದರೆ ನಮ್ಮ ಖಾರ ಪಾಕೀಟಿಗಿಂತ ದುಬಾರಿಯೇ ಬೀಳುತ್ತದೆ. ಬೀಳಲಿ.

ರೊಟ್ಟಿಯದೂ ಇದೇ ಕಥೆ. ಖಡಕ್ ರೊಟ್ಟಿಯನ್ನು ನಾವು ಕೊಂಡು ತಿನ್ನುತ್ತೇವೆ. ಹುಬ್ಬಳ್ಳಿ, ಧಾರವಾಡ, ಗದಗ ಎಲ್ಲೇ ನೋಡಿದರೂ ರೊಟ್ಟಿ ಬಡಿದು ಮಾರಿ ಸಂಸಾರ ನಡೆಸುವ ಹೆಂಗಸರಿದ್ದಾರೆ. ಕೊಳ್ಳುವುದು ಕಡಿಮೆ ಮಾಡುತ್ತೇನೆಂದು ಅವರ ರೊಟ್ಟಿ ಬಿಟ್ಟು ನಾನು ರಾತ್ರಿ ಹಿಟ್ಟು ನಾದುತ್ತ ಕೂತರೆ ಯಾರಿಗೆ ಏನು ಒಳ್ಳೆಯದಾಯಿತು? ಕೊಳ್ಳದಿರುವುದೇ ಪುಣ್ಯ ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ.

ಬಟ್ಟೆಯ ವಿಚಾರದಲ್ಲಿ ನಮ್ಮ ಮನೆಯವರು ಖಾದಿ ಅಂಗಿಗೆ ಬಂದರು, ನಾನು ಬೆಟಗೇರಿಯ ಕೈಮಗ್ಗದ ಸೀರೆಗೆ. ಕೈಮಗ್ಗದ ಹತ್ತಿಗೆ ಗಂಜಿ ಬೇಕು, ಇಸ್ತ್ರಿ ಬೇಕು. ಪಾಲಿಸ್ಟರ್ ಜಾಡಿಸಿ ಉಟ್ಟುಕೊಂಡರೆ ನಡೆಯುತ್ತದೆ. ತಮ್ಮ ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಳ್ಳಬೇಕಾದ ಮೇಲೆ ನಮ್ಮವರ ಕಪಾಟು ತಾನಾಗಿ ಸಣ್ಣದಾಯಿತು. ಹಳೆಯ ಹತ್ತಿ ಸೀರೆ, ಧೋತರ ಎಲ್ಲ ಕೌದಿಗೆ ಹೋಗುತ್ತವೆ. ಕೌದಿ ಹೊಲಿಯುವ ಅಕ್ಕ ಪಾಲಿಸ್ಟರ್ ಸೀರೆ ಮುಟ್ಟುವುದಿಲ್ಲ. ಪದರು ಜಾರುತ್ತದೆ, ಬೆವರು ಹೀರುವುದಿಲ್ಲ ಅನ್ನುತ್ತಾಳೆ. ಅವಳ ಹತ್ತಿರ ಚೌಕಾಸಿ ಮಾಡುವುದಿಲ್ಲ ಅನ್ನುವುದೂ ನಮ್ಮ ಕರಾರಿನಲ್ಲಿ ಸೇರಿದೆ. ಅಂಟವಾಳದಲ್ಲಿ ಬಟ್ಟೆ ಒಗೆಯುವ ಪ್ರಸ್ತಾಪ ಬಂದಿತ್ತು. ನೆನೆಸಿ, ಹಿಚುಕಿ, ಸೋಸುವವರು ಯಾರು ಎಂದು ಕೇಳಿದೆ. ವಾಷಿಂಗ್ ಮಷಿನ್ನೂ ಸೋಪಿನ ಪುಡಿಯೂ ಉಳಿದವು.

ಒಂದು ಮನೆಯ ಆಯ್ಕೆಯಿಂದ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಬಹಳ ಏನೂ ಆಗುವುದಿಲ್ಲ. ಧಾರವಾಡದ ಹತ್ತಿರ ಗರಗದಲ್ಲಿ ದಶಕಗಳಿಂದ ರಾಷ್ಟ್ರಧ್ವಜದ ಖಾದಿ ನೇಯುತ್ತ ಬಂದಿದ್ದಾರೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜ ಹೊಲಿಯುತ್ತಾರೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಸ್ಟರ್, ಯಂತ್ರದ ಬಟ್ಟೆಯ ಧ್ವಜಕ್ಕೂ ಒಪ್ಪಿಗೆ ಕೊಟ್ಟರು. ಅಂಥ ಒಂದು ಆದೇಶದ ಮುಂದೆ ನಾನು ಕೊಳ್ಳುವ ಒಂದು ಸೀರೆ ಯಾವ ಲೆಕ್ಕ? ಹಾಗೆಂದು ಆದೇಶವೇ ಎಲ್ಲ ಮಾಡುತ್ತದೆ ಎಂದೂ ಅಲ್ಲ. ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧವಾದದ್ದು 2016ರಲ್ಲಿ, ಕಾಯಿಪಲ್ಲೆ ಸಂತೆಗೆ ಹೋಗಿ ನೋಡಿ.

ಇವೆರಡರ ನಡುವೆ ಇನ್ನೊಂದು ದಾರಿಯಿದೆ, ಅದು ನಮ್ಮ ಪಕ್ಕದ್ದೇ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಸಾಲಕ್ಕಾಗಿ ಅವರು ಮಾಡಿದ್ದನ್ನು ನಾವು ಸಂತೆಗಾಗಿ ಸಣ್ಣದಾಗಿ ಮಾಡುತ್ತಿದ್ದೇವೆ. ಓಣಿಯ ಕೆಲವು ಮನೆಗಳು ಕೂಡಿ ಕುಂದಗೋಳ ಕಡೆಯ ಒಬ್ಬ ರೈತರಿಂದ ಮೆಣಸಿನಕಾಯಿ ಚೀಲಗಟ್ಟಲೆ ಎತ್ತುತ್ತೇವೆ. ದರ ಬಿತ್ತನೆಯ ಹೊತ್ತಿಗೇ ಮಾತಾಡಿಕೊಂಡಿರುತ್ತದೆ. ಪೇಟೆ ಬಿದ್ದರೂ ಇಳಿಸುವುದಿಲ್ಲ, ಏರಿದರೂ ಅವರು ಏರಿಸುವುದಿಲ್ಲ. 2024ರ ಮಾರ್ಚ್‌ನಲ್ಲಿ ದರ ಕುಸಿದು, ಬ್ಯಾಡಗಿಯಲ್ಲಿ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದ್ದನ್ನು ನೋಡಿದ ಮೇಲೆ ಈ ಮಾತು ಗಟ್ಟಿಯಾಯಿತು. ಚೀಲ ಇಳಿಸುವುದು, ತೂಗುವುದು, ಹಂಚುವುದು ಗಂಡಸರ ಪಾಳಿ. ಪಾಳಿ ತಪ್ಪಿಸಿದ ಮನೆಗೆ ಮುಂದಿನ ಸಲ ಪಾಲಿಲ್ಲ, ಇದನ್ನು ಹಾಕಿಸಿದ್ದು ಅತ್ತೆ.

ಮಗಳು ಮಾತ್ರ ಈ ಕರಾರಿಗೆ ಇನ್ನೂ ಪೂರ್ತಿ ಬಂದಿಲ್ಲ. ಧಾರವಾಡದಲ್ಲಿ ಓದುತ್ತಾಳೆ, ಬಟ್ಟೆ ಆನ್‌ಲೈನ್‌ನಲ್ಲಿ ತರಿಸುತ್ತಾಳೆ. “ಅವ್ವಾ, ನಿನ್ನ ಒಂದ ಬೆಟಗೇರಿ ಸೀರಿ ರೊಕ್ಕದಾಗ ನನಗ ನಾಕು ಕುರ್ತಾ ಬರ್ತಾವ” ಅಂದಳು. ಅವಳ ಕೈಖರ್ಚಿನ ಲೆಕ್ಕದಲ್ಲಿ ಅದು ಖರೆ. ಪಗಾರ ಬರುವವಳು ಆಯ್ದು ಕೊಳ್ಳುವ ಹಾಗೆ ಅವಳು ಕೊಳ್ಳಲಾರಳು. ಕೊಳ್ಳಬೇಡ ಅನ್ನಲಿಲ್ಲ. ಮೂರು ಸೈಜು ತರಿಸಿ ಎರಡು ವಾಪಸ್ ಕಳಿಸುವುದು ಬಿಡು, ಪಾರ್ಸೆಲ್ ತರುವ ಹುಡುಗ ಬಿಸಿಲಲ್ಲಿ ಮತ್ತೆ ಮತ್ತೆ ನಿಮ್ಮ ಹಾಸ್ಟೆಲ್‌ಗೆ ಗಾಡಿ ಹೊಡೆಯಬೇಕು ಅಂದೆ. ಸ್ವಲ್ಪ ವಾದ ಮಾಡಿದಳು. ಹೋಗುವಾಗ ಹೊಲಿಗೆ ಡಬ್ಬಿಯಿಂದ ಅಳತೆ ಟೇಪು ಒಯ್ದಿದ್ದಾಳೆ. ದೀಪಾವಳಿಗೆ ಏನು ತರಿಸುತ್ತಾಳೋ ನೋಡಬೇಕು.