ರೈಟ್ ಬ್ಯಾಕ್ ಆಗಿದ್ದವನು ಕೋಚ್ ಆದದ್ದು

ಬೆಂಗಳೂರಿನ ಎ ಡಿವಿಜನ್ ಫುಟ್‌ಬಾಲ್ ಲೀಗ್‌ನಲ್ಲಿ ಐದು ವರ್ಷ ರೈಟ್ ಬ್ಯಾಕ್ ಆಗಿ, ಅಂದರೆ ಬಲಬದಿಯ ಡಿಫೆಂಡರ್ ಆಗಿ ಆಡಿದ ನಾನು, ಬಲ ಮೊಣಕಾಲಿನ ಲಿಗಮೆಂಟ್ ಹರಿದ ವರ್ಷ ಮಂಗಳೂರಿಗೆ ಮರಳಿದೆ. ಶಸ್ತ್ರಚಿಕಿತ್ಸೆಯ ಖರ್ಚು ನೋಡಿಕೊಳ್ಳುತ್ತೇವೆಂದಿದ್ದ ತಂಡದವರು ಆಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಆ ಮಾತು ಇಲ್ಲಿಗೇ ಇರಲಿ. ಹಗಲಿಗೆ ಬಂದರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ, ಸಂಜೆಗೆ ನೆಹರೂ ಮೈದಾನ. ಅಲ್ಲಿ ಅಭ್ಯಾಸ ಮಾಡುತ್ತಿದ್ದ ಹುಡುಗರ ತಂಡವೊಂದಕ್ಕೆ ಕೋಚ್ ಇರಲಿಲ್ಲ, ನನಗೆ ಆಡಲು ಕಾಲಿರಲಿಲ್ಲ.

ಆಡಿದವನಿಗೆ ಕಲಿಸಲೂ ಬರುತ್ತದೆಂಬ ನನ್ನ ಭ್ರಮೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ಡಿ ಲೈಸೆನ್ಸ್ ಎಂಬ ಕೋಚ್ ತರಬೇತಿ ಶಿಬಿರದ ಎರಡನೆಯ ದಿನವೇ ಕಳಚಿತು. ಹನ್ನೆರಡು ಜನರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದಲೇ ಗೋಲಿಗೆ ಹೊಡೆಸುತ್ತಿದ್ದ ನನ್ನನ್ನು ತಡೆದ ಬೋಧಕರು, ಉಳಿದ ಹನ್ನೊಂದು ಮಂದಿ ಈಗ ಏನು ಕಲಿಯುತ್ತಿದ್ದಾರೆ ಎಂದು ಕೇಳಿದರು. 90 ನಿಮಿಷದ ಪಂದ್ಯದಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಚೆಂಡಿರುವುದು ಎರಡು ಮೂರು ನಿಮಿಷ ಮಾತ್ರ. ಮಿಕ್ಕ ಹೊತ್ತು ಎಲ್ಲಿ ನಿಲ್ಲಬೇಕೆಂಬುದನ್ನು ಸಾಲು ಕಲಿಸುವುದಿಲ್ಲ. ಊರಿಗೆ ಬಂದವನೇ, ಚಿಕ್ಕ ಚೌಕದೊಳಗೆ ನಾಲ್ವರು ಚೆಂಡನ್ನು ಉಳಿಸಿಕೊಳ್ಳಬೇಕು, ಇಬ್ಬರು ಅದನ್ನು ಕಸಿಯಬೇಕು ಎಂಬ ಆಟಕ್ಕೆ ಹುಡುಗರನ್ನು ಹಚ್ಚಿದೆ.

ತಂಡದ ಅರ್ಧಕ್ಕರ್ಧ ಹುಡುಗರು ಫೆರಿಯಲ್ಲಿ ಹೊಳೆ ದಾಟಿ ಬರುವ ಬೆಂಗ್ರೆಯವರು. ಮರಳಿನಲ್ಲಿ ಆಡಿ ಬೆಳೆದ ಅವರಿಗೆ ಚೆಂಡನ್ನು ಕಾಲಿಗಂಟಿಸಿಕೊಂಡು ಮೂವರ ನಡುವಿನಿಂದ ನುಸುಳುವುದು ನೀರು ಕುಡಿದಷ್ಟು ಸಲೀಸು. ಆದರೆ ಮರಳಿನ ಮೇಲೆ ಚೆಂಡು ಉರುಳುವುದಿಲ್ಲವಾದ್ದರಿಂದ, ನೆಲಕ್ಕಂಟಿದ ಉದ್ದನೆಯ ಪಾಸ್ ಅವರಿಗೆ ಗೊತ್ತೇ ಇರಲಿಲ್ಲ. ಬಿಸಿಲಿಗೆ ಗಟ್ಟಿಯಾದ ಮೈದಾನದಲ್ಲಿ ಮೊದಲ ಸ್ಪರ್ಶಕ್ಕೇ ಚೆಂಡು ಎರಡು ಮಾರು ಮುಂದೆ ಓಡುತ್ತಿತ್ತು. ಅದನ್ನು ತಿದ್ದಿ ಒಂದು ಹದಕ್ಕೆ ತರುವಷ್ಟರಲ್ಲಿ ಮಳೆಗಾಲ ಬಂದಿತು. ಸವೆದು ತಗ್ಗಾಗಿದ್ದ ಗೋಲಿನ ಮುಂಭಾಗದಲ್ಲಿ ಕೆಂಪು ನೀರು ನಿಂತು, ಕಲಿಸಿದ ಪಾಸುಗಳೆಲ್ಲ ಅಲ್ಲಿಗೆ ಬಂದು ಮುಳುಗತೊಡಗಿದವು. ಇನ್ನು ಮಳೆ ಬಿಡುವವರೆಗೆ ಆಟವನ್ನು ಎರಡೂ ಬದಿಗಳಿಗೆ ಒಯ್ಯಬೇಕು, ಒಳಕ್ಕೆ ಬರುವ ಚೆಂಡು ಗಾಳಿಯಲ್ಲೇ ಬರಬೇಕು ಎಂದು ಹೇಳಬೇಕಾಯಿತು.

ನನ್ನ ದೊಡ್ಡ ತಪ್ಪು ಬಾಯಿಯದು. ಆಡುವಾಗ ಪಕ್ಕದಲ್ಲಿ ನಡುವೆ ನಿಲ್ಲುವ ಡಿಫೆಂಡರ್, ಅಂದರೆ ಸ್ಟಾಪರ್‌ನನ್ನು ನೋಡಿಕೊಂಡು ಲೈನ್ (ಡಿಫೆಂಡರುಗಳ ಸಾಲು) ಹಿಡಿಯುತ್ತಿದ್ದ ನನಗೆ, ಗೆರೆಯಾಚೆ ನಿಂತಾಗ ನಾಲ್ವರು ಡಿಫೆಂಡರುಗಳ ಸೊಟ್ಟು ಸಾಲು ಅಂಗೈಯಷ್ಟು ಸ್ಪಷ್ಟವಾಗಿ ಕಾಣಿಸುತ್ತಿತ್ತು, ಕಂಡದ್ದನ್ನೆಲ್ಲ ಕೂಗುತ್ತಿದ್ದೆ. ಒಂದು ಪಂದ್ಯದ ಕೊನೆಯಲ್ಲಿ ನಮ್ಮ ಸ್ಟಾಪರ್ ನನ್ನತ್ತ ತಿರುಗಿದ ಅರೆಗಳಿಗೆಯಲ್ಲೇ ಎದುರಾಳಿ ಸ್ಟ್ರೈಕರ್ ಅವನ ಬೆನ್ನ ಹಿಂದಿನಿಂದ ಓಡಿ ಗೋಲು ಹೊಡೆದ. ನಾನು ಬೈಯಲು ಬಾಯಿ ತೆರೆಯುವ ಮೊದಲೇ ಹುಡುಗ, "ಅಣ್ಣ, ನೀವು ಕರೆದಿರಿ ಅಂತಲೇ ತಿರುಗಿದ್ದು" ಎಂದ. ಉತ್ತರ ತೋಚಲಿಲ್ಲ.

ಕೋಚ್ ಎಂಬ ಪದದೊಳಗೆ ಜನ್ಮದಿನಾಂಕದ ದಾಖಲೆ ಜೋಡಿಸುವುದು, ಜೆರ್ಸಿ ಒಗೆಸುವುದು, ಕತ್ತಲಾಗುವ ಮೊದಲು ಹುಡುಗರನ್ನು ಫೆರಿ ಹತ್ತಿಸುವುದು ಎಲ್ಲವೂ ಸೇರಿದೆ. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಕರ್ನಾಟಕವು ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಬಳಿಕ ರಾಜ್ಯ ತಂಡಗಳ ರಾಷ್ಟ್ರೀಯ ಚಾಂಪಿಯನ್‌ಶಿಪ್ ಆದ ಸಂತೋಷ್ ಟ್ರೋಫಿ ಗೆದ್ದಾಗ ಎರಡು ವಾರ ಒಬ್ಬನೂ ಅಭ್ಯಾಸಕ್ಕೆ ತಡವಾಗಿ ಬರಲಿಲ್ಲ. ಮೂರನೆಯ ವಾರ ಎಲ್ಲವೂ ಮೊದಲಿನಂತಾಯಿತು.

ಈಗ ಹೇಳಬೇಕಾದದ್ದನ್ನು ಅಂಗಡಿಯ ಹಳೆಯ ಬಿಲ್ಲಿನ ಹಿಂದೆ ಬರೆದಿಟ್ಟುಕೊಂಡು, ವಿರಾಮದಲ್ಲಿ ಎರಡೇ ವಿಷಯ ಹೇಳುತ್ತೇನೆ. ಲೈನ್ ಮೇಲೆತ್ತುವ, ಅಂದರೆ ಸಾಲನ್ನು ಮುಂದಕ್ಕೆ ಸರಿಸುವ ಕರೆ ಆ ಸ್ಟಾಪರ್‌ನದೇ. ಅವನು ತಡವಾಗಿ ಕೂಗಿದಾಗ ನನ್ನ ಗಂಟಲವರೆಗೆ ಬಂದ ಮಾತನ್ನು ನುಂಗಿಕೊಂಡು, ಬಾಟಲಿಗಳಿಗೆ ನೀರು ತುಂಬಿಸುತ್ತೇನೆ.